ಗಾಳಿ ನೋಡುವ ಮಾವ

ನಮ್ಮ ಸೋದರಮಾವ ಹೊಗೆ ನೋಡಿ ಸಂಬಳ ತೆಗೆದುಕೊಳ್ಳುತ್ತಿದ್ದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮಂಡ್ಯದಲ್ಲಿ ಆಗ ಕಬ್ಬು ಬೆಳೆಯುವವರಿದ್ದರು, ಕಡಿಯುವವರಿದ್ದರು, ಗಾಡಿಗೆ ಹೇರುವವರಿದ್ದರು, ಲಡಾಯಿ ಕಾಲದ ರೇಷನ್ನಿನಲ್ಲಿ ಸಕ್ಕರೆ ಸಾಲದೆ ಬೆಲ್ಲದ ಕಾಫಿ ಕುಡಿದು ಬೈಯುವವರೂ ಇದ್ದರು. ಆದರೆ ಸಕ್ಕರೆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದು, ಸಕ್ಕರೆಯ ಗೊಡವೆಗೇ ಹೋಗದೆ, ಚಿಮಣಿಗೆ ಹೋಗುವ ಹೊಗೆಯ ಜೊತೆ ಮಾತ್ರ ನಂಟಸ್ತನ ಇಟ್ಟುಕೊಂಡಿದ್ದ ಮನುಷ್ಯ ಅವರೊಬ್ಬರೇ.

ನಾನು ಮಿಡ್ಲ್‌ಸ್ಕೂಲು ಓದಲು ಮಳವಳ್ಳಿಯಿಂದ ಬಂದು ಅವರ ಮನೆಯಲ್ಲಿದ್ದೆ. ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವ ರೂಢಿಯುಂಟು. ನನ್ನ ಪುಣ್ಯ ದೊಡ್ಡದು, ಮಾವನಿಗೆ ಆಗಲೇ ಮದುವೆಯಾಗಿ ಅತ್ತೆ ಮನೆ ತುಂಬಿದ್ದರು. ಹಾಗಾಗಿ ಆ ಮನೆಯ ಹುಚ್ಚಾಟವನ್ನೆಲ್ಲ ಖರ್ಚಿಲ್ಲದೆ ನೋಡುವ ಭಾಗ್ಯ ನನ್ನದಾಯಿತು.

ಬಾಯ್ಲರಿನ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಾರಲ್ಲ, ಆ ಒಲೆ ಸರಿಯಾಗಿ ಉರಿಯುತ್ತಿದೆಯೋ ಇಲ್ಲವೋ ಎನ್ನುವುದನ್ನು ಹೊಗೆಯನ್ನೇ ಕೇಳಿ ತಿಳಿಯಬೇಕಂತೆ. ಕೇಳುವುದಕ್ಕೆ ಮಾವನ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗೆ ಗಾಜಿನ ಕೊಳವೆ, ರಬ್ಬರ್ ನಳಿಕೆ, ಸಾಲಾಗಿ ಗಾಜಿನ ಬುಡ್ಡಿಗಳು. ಒಂದು ಬುಡ್ಡಿಯಲ್ಲಿ ತಿಳಿನೀರು, ಇನ್ನೊಂದರಲ್ಲಿ ಕಾಫಿ ಡಿಕಾಕ್ಷನ್ನಿನ ಬಣ್ಣದ್ದು, ಮತ್ತೊಂದರಲ್ಲಿ ನನಗೆ ಹೆಸರು ಬಾರದ ಬಣ್ಣದ್ದು. ಒಂದೊಂದು ನೀರು ಒಂದೊಂದು ಜಾತಿಯ ಗ್ಯಾಸನ್ನು ನುಂಗುತ್ತದೆ. ನುಂಗಿದ ಮೇಲೆ ಉಳಿದದ್ದೆಷ್ಟು ಎಂದು ನೋಡಿದರೆ ನುಂಗಿಸಿಕೊಂಡದ್ದು ಎಷ್ಟು ಎಂದು ಗೊತ್ತಾಗುತ್ತದೆ. ಇದನ್ನು ಮಾವ ನನಗೆ ಎಷ್ಟೋ ಸಲ ಹೇಳಿಕೊಟ್ಟಿದ್ದಾರೆ. ಹೇಳುವಾಗೆಲ್ಲ ಅರ್ಥವಾಗುತ್ತಿತ್ತು, ಎದ್ದು ಅಡಿಗೆಮನೆಗೆ ಹೋಗುವಷ್ಟರಲ್ಲಿ ಹೋಗಿಬಿಡುತ್ತಿತ್ತು.

ಪೆಟ್ಟಿಗೆ ಕಾರ್ಖಾನೆಯಲ್ಲೇ ಇದ್ದಿದ್ದರೆ ಲೋಕಕ್ಕೆ ಕ್ಷೇಮವಿತ್ತು. ಹಳೆಯದೊಂದು ಪೆಟ್ಟಿಗೆಯನ್ನು ಮಾವ ರಿಪೇರಿ ಮಾಡಿ ಮನೆಗೂ ತಂದಿಟ್ಟುಕೊಂಡರು. ಅಲ್ಲಿಂದ ಮುಂದೆ ಮನೆಗೆ ಬಂದವರು ಯಾರೂ ಊದದೆ ಹೋಗುವಂತಿರಲಿಲ್ಲ. ಹಾಲಿನವಳು ಊದಿದಳು, ಅಂಚೆಯವನು ಊದಿದ, ಬೀಡಿ ಸೇದುವವನಿಂದ ಸೇದುವ ಮುಂಚೆ ಒಂದು ಸಲ, ಸೇದಿದ ಮೇಲೆ ಒಂದು ಸಲ ಊದಿಸಿದರು. ಮದ್ದೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಏನು ಮಾಡಿರಬಹುದು ಹೇಳಿ? ನಾನು ತಲೆ ತಗ್ಗಿಸಿ ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಹುಡುಗನ ಬಾಯಲ್ಲಿ ರಬ್ಬರ್ ನಳಿಕೆ ಇತ್ತು. ಪಾಪ, ನಮ್ಮ ಮನೆತನದ ಶಾಸ್ತ್ರವಿರಬೇಕೆಂದು ಕೆನ್ನೆ ಉಬ್ಬಿಸಿ ಊದುತ್ತಿದ್ದ.

ಹುಡುಗನ ತಂದೆ ಕೇಳಿದರು, "ಇದೇನ್ ಸ್ವಾಮಿ, ಎಣ್ಣು ನೋಡಕ್ ಬಂದ್ರೆ ನಮ್ ಉಡ್ಗನ ಕೈಲಿ ಊದಿಸ್ತಾ ಇದ್ದೀರಿ?"

"ಊದಲಿ ಬಿಡಿ. ಒಳಗೆ ಉರಿ ಚೆನ್ನಾಗಿದೆಯಾ ನೋಡ್ತೀನಿ," ಅಂದರು ಮಾವ.

ಉರಿ ಚೆನ್ನಾಗಿತ್ತಂತೆ. ನನ್ನ ಮದುವೆ ನಿಶ್ಚಯವಾಯಿತು.

ಇಷ್ಟರಲ್ಲಿ ಒಂದು ಮಾತಿನಿಂದ ದೊಡ್ಡ ಎಡವಟ್ಟಾಯಿತು. ಮಾವ ಬಿ.ಎಸ್ಸಿ. ಓದಿದವರು. ಆದರೂ ಹಳ್ಳಿಯವರ ಹತ್ತಿರ ಇಂಗ್ಲಿಷು ಬಳಸಬಾರದೆಂಬ ಶುದ್ಧ ಕನ್ನಡದ ಹಠ. ಯಾರಾದರೂ ಕೆಲಸವೇನು ಎಂದು ಕೇಳಿದರೆ "ನಾನು ಗ್ಯಾಸ್ ನೋಡೋನು" ಎಂದು ಹೇಳಬಹುದಿತ್ತು. ಅವರು "ನಾನು ಗಾಳಿ ನೋಡೋನು" ಎನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ಗಾಳಿ ಎಂದರೆ ಬೀಸುವುದೂ ಹೌದು, ಮೆಟ್ಟಿಕೊಳ್ಳುವುದೂ ಹೌದು. ಗಾಳಿ ನೋಡುವವನು ಎಂದರೆ ಬೇವಿನ ಸೊಪ್ಪು ಹಿಡಿದು ದೆವ್ವ ಬಿಡಿಸುವವನು. ಅದೂ ಈತ ದೆವ್ವವನ್ನು ಗಾಜಿನ ಬುಡ್ಡಿಯಲ್ಲಿ ಹಿಡಿದು ಕೂಡಿಹಾಕುತ್ತಾನಂತೆ ಎಂಬ ಸುದ್ದಿ ನಾಲೆಯ ನೀರಿಗಿಂತ ಬೇಗ ಹರಿಯಿತು.

ಮೊದಲು ಬಂದವನು ಕೊತ್ತತ್ತಿಯ ಒಬ್ಬ ಗೌಡ. ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ.

"ಗಾಳಿ ನೋಡೋರು ನೀವೇನಾ ಸ್ವಾಮಿ?"

"ಹೌದು, ನಾನೇ," ಅಂದರು ಮಾವ. ತನ್ನ ಕೆಲಸವನ್ನು ಹುಡುಕಿಕೊಂಡು ಒಬ್ಬ ರೈತ ಬಂದನಲ್ಲ ಎಂದು ಅವರ ಮುಖ ಅರಳಿತು.

"ನಮ್ಮೋಳ್ಗೆ ಸ್ಯಾನೆ ತೊಂದ್ರೆ ಕೊಡ್ತಾ ಅದೆ."

"ಯಾವ ಕಡೆಯಿಂದ ಬರುತ್ತೆ?"

"ನಾಲೆ ಏರಿ ಮ್ಯಾಲಿನ ಉಣಸೇಮರದಿಂದ."

"ವಾಸನೆ ಏನಾದರೂ ಇದೆಯಾ?"

"ಅಮಾಸೆ ದಿನ ಮಲ್ಲಿಗೆ ವಾಸ್ನೆ ಬತ್ತದೆ ಅಂತಾಳೆ."

ಮಲ್ಲಿಗೆ ವಾಸನೆಯ ಗ್ಯಾಸು ಯಾವುದಿರಬಹುದು ಎಂದು ಮಾವ ಹಣೆ ಉಜ್ಜಿಕೊಂಡರು. "ಬಣ್ಣ?"

"ಬಿಳೀ ಸೀರೆ ಸ್ವಾಮಿ."

ಇಲ್ಲಾದರೂ ಅನುಮಾನ ಬರಬೇಕಿತ್ತಲ್ಲವೇ? ಬರಲಿಲ್ಲ. ಮಾವ ಆ ಹೆಂಗಸಿನ ಕೈಗೆ ನಳಿಕೆ ಕೊಟ್ಟು "ಊದಮ್ಮ" ಅಂದರು. ಆಕೆ ಊದಿದಳು. ಬುಡ್ಡಿಯಲ್ಲಿ ಗೊಳಗೊಳ ಎಂದು ಗುಳ್ಳೆ ಎದ್ದಿತು. ಆಕೆ ಕಣ್ಣು ಅಗಲಿಸಿ ನೋಡಿ, ನಳಿಕೆ ಎಸೆದು, "ಓಯ್ತೀನಿ ಬುಡಪ್ಪೋ, ಓಯ್ತೀನಿ" ಎಂದು ಬೀದಿಗೆ ಓಡಿದಳು. ಹೋಗುತ್ತೇನೆ ಎಂದದ್ದು ಗೌಡನ ಹೆಂಡತಿಯೋ, ಅವಳ ಮೈಮೇಲಿದ್ದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂತೂ ಎರಡೂ ಹೋದವು. ಆಕೆಗೆ ಮತ್ತೆ ತೊಂದರೆ ಆಗಲಿಲ್ಲವಂತೆ. ಮುಂದಿನ ಸೋಮವಾರ ಗೌಡ ಎರಡು ಕೋಳಿ ತಂದುಕೊಟ್ಟ.

"ಉಸಿರು ಅಳೆದದ್ದಕ್ಕೆ ಕೋಳಿ ಯಾಕೆ ಕೊಡ್ತಾರೆ?" ಎಂದು ಮಾವ ಅತ್ತೆಯನ್ನು ಕೇಳಿದರು.

"ತಂದ್ಕೊಟ್ಟೋರ್ಗೆ ಗೊತ್ತು. ನೀವು ಮಸಾಲೆ ರುಬ್ಕೊಡಿ," ಅಂದರು ಅತ್ತೆ.

ನಿಜ ತಿಳಿದ ಮೇಲೆ ಮಾವ ಬೀದಿಬೀದಿಯಲ್ಲಿ ನಿಂತು ತಾನು ಆ ಗಾಳಿ ನೋಡುವವನಲ್ಲ, ಈ ಗಾಳಿ ನೋಡುವವನು ಎಂದು ವಿವರಿಸಿದರು. ಅದರಿಂದ ಎರಡೂ ನೋಡುತ್ತಾರಂತೆ ಎಂದು ಹೆಸರು ಇನ್ನಷ್ಟು ಬೆಳೆಯಿತು.

ಕಾರ್ಖಾನೆಯಲ್ಲಿ ಮಾವನ ಸಂಕಟ ಬೇರೆ. ಹೊಗೆ ಹಿಡಿದು, ನೀರಿಗೆ ನುಂಗಿಸಿ, ಏರಿಸಿ, ಇಳಿಸಿ, ಫಲ ಕಂಡು ಬಾಯ್ಲರಿನ ಹತ್ತಿರ ಓಡುವಷ್ಟರಲ್ಲಿ ಕಾಲು ಗಂಟೆಯ ಮೇಲಾಗುತ್ತಿತ್ತು. ಅಷ್ಟರಲ್ಲಿ ಒಲೆಯ ಉರಿಯೇ ಬದಲಾಗಿರುತ್ತಿತ್ತು. ಬಾಯ್ಲರಿನ ಫಿಟ್ಟರ್ ಸಾಬರು ಗಡ್ಡ ಸವರಿಕೊಂಡು, "ಸಾರ್, ನೀವು ಏಳ್ತಾ ಇರೋ ಒಗೆ ಇಲ್ಲಿಲ್ಲ. ಅದು ಆಗ್ಲೇ ಮದ್ದೂರು ಸ್ಟೇಸನ್‌ನಾಗೆ ವಡೆ ತಿಂತಾ ಅದೆ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ. ಹೋದದ್ದರ ಸುದ್ದಿ ಹೇಳಿ ಏನು ಪ್ರಯೋಜನ ಎಂದು ಊಟದ ಎಲೆಯ ಮುಂದೆ ಕೂತು ಕಲಸಿದ ಅನ್ನವನ್ನೇ ಕಲಸುತ್ತಿದ್ದರು.

ಹೀಗಿರುವಾಗ ಬಾಯ್ಲರ್ ನೋಡಲು ಬಂದಿದ್ದ ಪರದೇಶದ ಇಂಜಿನಿಯರೊಬ್ಬ ಅವರ ತಲೆಗೆ ಹುಳ ಬಿಟ್ಟುಹೋದ. ಜರ್ಮನಿಯಲ್ಲಿ ಹೊಸದೊಂದು ಯಂತ್ರ ಬಂದಿದೆಯಂತೆ. ಅದಕ್ಕೆ ನೀರೂ ಬೇಡ, ಬುಡ್ಡಿಯೂ ಬೇಡ. ಕೆಂಪು ಬೆಳಕಿನ ಆಚೆಗೆ ಇನ್ನೊಂದು ಕೆಂಪು ಇದೆ. ಕಣ್ಣಿಗೆ ಕಾಣದು, ಮೈಗೆ ಬಿಸಿಯಾಗಿ ಮಾತ್ರ ತಿಳಿಯುತ್ತದೆ. ಅದನ್ನು ಹೊಗೆಯೊಳಗೆ ಹಾಯಿಸಿದರೆ ಒಂದೊಂದು ಗ್ಯಾಸು ತನ್ನ ತನ್ನ ಪಾಲಿನ ಬಿಸಿಯನ್ನು ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಯಂತ್ರ ಆ ಗಳಿಗೆಯಲ್ಲೇ ಮುಳ್ಳು ತಿರುಗಿಸಿ ತೋರಿಸುತ್ತದೆ. ಮಾವ ಇದನ್ನು ಹೇಳುವಾಗ ಅವರ ಕಣ್ಣೇ ಕೆಂಪಾಗಿತ್ತು.

"ಕಾಣದೇ ಇರೋದು ಕೆಂಪು ಅಂತ ಹೆಂಗೆ ಗೊತ್ತಾಯ್ತು ಮಾವ?" ಎಂದು ಕೇಳಿದೆ.

"ಸಾಲಿನಲ್ಲಿ ಕೆಂಪಿನ ಪಕ್ಕ ನಿಂತಿದೆ ಕಣಮ್ಮಿ, ಅದಕ್ಕೆ."

"ಹಂಗಾದ್ರೆ ಫಿಟ್ಟರ್ ಪಕ್ಕ ನಿಂತ್ಕಂಡ್ರೆ ನೀವು ಫಿಟ್ಟರ್ ಆಗ್ಬುಡ್ತೀರಾ?"

ಮಾವ ಅವತ್ತಿನಿಂದ ಫಿಟ್ಟರ್ ಕೆಲಸವನ್ನೇ ಶುರುಮಾಡಿದರು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಎರಡು ಕೊಳವೆ ಮಾಡಿದರು, ಸಾಬರು ಬೆಸುಗೆ ಹಾಕಿಕೊಟ್ಟರು. ಕೊಳವೆಯ ತುದಿಗಳಿಗೆ ಕಾಗೆಬಂಗಾರದ ಬಿಲ್ಲೆ. ಈ ಕಡೆ ಶಿವನಸಮುದ್ರದ ಕರೆಂಟಿನಿಂದ ಕಾಯುವ ತಂತಿ, ಆ ಕಡೆ ದೀಪದ ಮಸಿ ಬಳಿದ ಎರಡು ಥರ್ಮಾಮೀಟರು. ಒಂದು ಕೊಳವೆಯಲ್ಲಿ ಬರೀ ಗಾಳಿ, ಇನ್ನೊಂದರಲ್ಲಿ ಹೊಗೆಯ ಗ್ಯಾಸು. ಗ್ಯಾಸು ಬಿಸಿ ನುಂಗಿದರೆ ಆ ಕೊಳವೆಯ ಥರ್ಮಾಮೀಟರು ಇಳಿಯಬೇಕು. ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಒಂದು ಭಾನುವಾರ ಇಳಿದೇಬಿಟ್ಟಿತು. ಮಾವ ಕುಣಿದರು. ಸಾಬರು ಅವರನ್ನು ತಬ್ಬಿಕೊಂಡರು. ಆಮೇಲೆ ನೋಡಿದರೆ ಅತ್ತೆ ಹಿತ್ತಲ ಬಾಗಿಲು ತೆಗೆದಿದ್ದರು. ತೆಗೆದರೆ ಇಳಿಯುತ್ತದೆ, ಮುಚ್ಚಿದರೆ ಏರುತ್ತದೆ. ಹಿತ್ತಲ ಬಾಗಿಲು ತೆಗೆದಿದೆಯೋ ಮುಚ್ಚಿದೆಯೋ ಎಂಬುದನ್ನು ಆ ಗಳಿಗೆಯಲ್ಲೇ ಹೇಳುವ ಯಂತ್ರ ಜರ್ಮನಿಯಲ್ಲೂ ಇದ್ದಿರಲಾರದು!

ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಪೀಪಾಯಿ, ಅದರ ತುಂಬ ಕೆಂಡ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕ್ಲೀನರು ಪೀಪಾಯಿಯ ಮೇಲೆ ಬಗ್ಗಿದ್ದವನು ತೂರಾಡಿ, ಕಿಸಕಿಸ ನಕ್ಕು, ಬಿದ್ದುಬಿಟ್ಟ. ಜನ ಕುಡಿದಿದ್ದಾನೆ ಎಂದರು, ಡ್ರೈವರು ಗಾಳಿ ಮೆಟ್ಟಿದೆ ಎಂದ. ಮಾವ ಅವನನ್ನು ಬಯಲಿಗೆ ಎಳೆದು ಮಲಗಿಸಿ, ಸೇರಿದವರಿಗೆಲ್ಲ ಭಾಷಣ ಮಾಡಿದರು. "ಇದ್ದಲಿನ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆಯ ಹಾಗೆ ಕಣ್ಣೂ ಉರಿಸಲ್ಲ. ಕಳ್ಳನ ಹಾಗೆ ಬಂದು ಮಲಗಿಸಿಬಿಡುತ್ತೆ. ಬೇಗ ಆಚೆಗೆ ತರದೆ ಇದ್ದರೆ ಮಲಗಿದೋನು ಏಳಲ್ಲ." ನಾನೂ ಪಕ್ಕದಲ್ಲಿದ್ದೆ. ಕೇಳಿಸಿಕೊಂಡೆ. ಎಂದಿನಂತೆ ಮರೆತೆ.

ಲಡಾಯಿ ಮುಗಿದ ಮರುವರ್ಷ ಚೊಚ್ಚಲ ಹೆರಿಗೆಗೆ ತವರಿಗೆ, ಮಳವಳ್ಳಿಗೆ ಬಂದೆ. ಅಪ್ಪ ಮನೆಅಳಿಯ. ಅಲ್ಲಿ ನನ್ನ ತಾಯಿಯದು ಏನೂ ನಡೆಯುತ್ತಿರಲಿಲ್ಲ, ಎಲ್ಲ ಅಜ್ಜಿಯದೇ. ಅಜ್ಜಿ ಎಂದರೆ ಮಾವನ ಹೆತ್ತ ತಾಯಿ. ಮಗ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ "ಸಕ್ರೆ ಮಾಡ್ತಾನೆ" ಎಂದು ಅಲ್ಲಿಗೆ ಮಾತು ಮುಗಿಸುವವಳು. ಹೊಗೆ ನೋಡುವುದಕ್ಕೆ ಯಾರಾದರೂ ಮಗನನ್ನು ಓದಿಸುತ್ತಾರೆಯೇ?

ಸೀಮಂತಕ್ಕೆ ಬಂದಿದ್ದ ಮಾವ ಬಾಣಂತಿ ಕೋಣೆಯಲ್ಲಿ ಬೆರಣಿ ಪೇರಿಸಿದ್ದನ್ನು ನೋಡಿ ಸುಮ್ಮನಿರಲಿಲ್ಲ. "ಅವ್ವ, ಹೊಗೆ ಕಣ್ಣಿಗೆ ಕಂಡರೆ ಉರಿ ಕೆಟ್ಟದ್ದು ಅಂತ ಲೆಕ್ಕ. ಈ ಕೋಣೇಲಿ ಹೊಗೆ ಇರಬಾರದು," ಎಂದು ಉಪದೇಶ ಮಾಡಿ ಹೋದರು. ಅಜ್ಜಿ ಜನ್ಮದಲ್ಲಿ ಮೊದಲನೆಯ ಸಲ ಮಗನ ಮಾತು ಕೇಳಿದಳು. ಬೆರಣಿ ತೆಗೆಸಿ, ಹೊಗೆಯೇ ಬಾರದ ಒಳ್ಳೆಯ ಇದ್ದಲು ತರಿಸಿ, ಅಗ್ಗಿಷ್ಟಿಕೆ ತುಂಬ ಕೆಂಡ ಮಾಡಿ ನನ್ನ ಮಂಚದ ಕೆಳಗೆ ಇಟ್ಟಳು. ಬಾಣಂತಿಗೆ ಗಾಳಿ ಸೋಕಬಾರದಲ್ಲ, ಕಿಟಕಿಗೆ ಗೋಣಿಚೀಲ ತುರುಕಿದಳು, ಬಾಗಿಲಿಗೆ ಕಂಬಳಿ ಕಟ್ಟಿದಳು. "ನೋಡು, ಒಗೇನೂ ಇಲ್ಲ, ಗಾಳೀನೂ ಇಲ್ಲ. ನಿನ್ ಮಾವ ಬಂದು ನೋಡ್ಲಿ," ಎಂದು ಹೆಮ್ಮೆಪಟ್ಟಳು.

ಹೆತ್ತು ವಾರ ಕಳೆಯುವುದರೊಳಗೆ ನನ್ನ ತಲೆ ಸಿಡಿಯತೊಡಗಿತು. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ ಇಬ್ಬರಾಗಿ ಕಂಡಳು. ಐಶ್ವರ್ಯ ಹೆಚ್ಚಿತು ಎಂದು ನಾನು ನಕ್ಕೆನಂತೆ. ಅಮ್ಮನನ್ನು ಅತ್ತೆ ಎಂದೆನಂತೆ, ಅಜ್ಜಿಯನ್ನು ಹೆಡ್‌ಮಾಸ್ಟರೇ ಎಂದು ಕರೆದೆನಂತೆ. ಇದನ್ನೆಲ್ಲ ಕೇಳಿ ಈಗ ನಗುತ್ತೇನೆ. ಆದರೆ ಮಗಳು ಹಾಲಿಗೆ ಬಾಯಿಡದೆ ಮಂಕಾಗಿ ಮಲಗಿರುತ್ತಿದ್ದಳು. ಎತ್ತಿಕೊಳ್ಳಬೇಕೆಂದರೆ ಕೈ ಏಳುತ್ತಿರಲಿಲ್ಲ. ಯಾಕೆ ಏಳುತ್ತಿಲ್ಲ ಎಂದು ಯೋಚಿಸುವಷ್ಟರಲ್ಲಿ ಏನು ಯೋಚಿಸುತ್ತಿದ್ದೆ ಎನ್ನುವುದೇ ಮರೆತುಹೋಗುತ್ತಿತ್ತು. ಮಗು ಹೋಗಿಬಿಡುತ್ತದೆ ಎಂಬ ಭಯ ಮಾತ್ರ ಒಳಗೆ ಎಲ್ಲೋ ಎಚ್ಚರವಾಗಿತ್ತು.

ವಿಚಿತ್ರವೆಂದರೆ ಬೆಳಿಗ್ಗೆ ಎರೆಯಲು ಬಚ್ಚಲಮನೆಗೆ ಕರೆದುಕೊಂಡು ಹೋದರೆ ಇಬ್ಬರಿಗೂ ಸ್ವಲ್ಪ ಗೆಲುವಾಗುತ್ತಿತ್ತು. ಕೋಣೆಗೆ ಬಂದರೆ ಮತ್ತೆ ಅದೇ.

"ನೀರು ಬಿದ್ರೆ ಬುಟ್ಬುಡ್ತದೆ, ಕ್ವಾಣೆಗೆ ಬಂದ್ರೆ ಮೆಟ್ಕತದೆ," ಎಂದಳು ಅಜ್ಜಿ. "ಗಾಳಿ ಕಣೇ ಇದು. ಗಾಳಿನೇ." ಬಾಗಿಲಿನ ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಕಟ್ಟಿಸಿ, ಆಳುಮಗ ಮಾದೇವನನ್ನು ಕರೆದಳು. "ಮಂಡ್ಯದಾಗೆ ಗಾಳಿ ನೋಡೋರು ಒಬ್ರವ್ರಂತಲ್ಲ, ಗಾಜಿನ ಬುಡ್ಡಿಲಿ ಇಡ್ದಾಕ್ತರಂತಲ್ಲ, ಅವ್ರ ಕಾಲಿಗ್ ಬಿದ್ದು ಕರ್ಕಂಡ್ ಬಾ ಓಗ್ಲಾ."

ಮಾದೇವ ಮೊದಲ ಬಸ್ಸಿಗೆ ಹೋದ. ಮಂಡ್ಯವನ್ನು ಅವನು ಕಂಡವನಲ್ಲ. ಗಾಳಿ ನೋಡೋರ ಮನೆ ಯಾವುದು ಎಂದು ಸಿಕ್ಕವರನ್ನೆಲ್ಲ ಕೇಳಿದ. ಎಲ್ಲರೂ ಒಂದೇ ಮನೆ ತೋರಿಸಿದರು. ಬಾಗಿಲು ತಟ್ಟಿದರೆ ತೆರೆದವರು ನಮ್ಮ ಮಾವ.

"ಚಿಕ್ಕೆಜಮಾನ್ರೇ, ನೀವ್ಯಾಕೆ ಇಲ್ಲಿದ್ದೀರಿ?"

"ನನ್ನ ಮನೆ ಕಣೋ ಇದು."

"ಗಾಳಿ ನೋಡೋರ್ ಮನೆ ಅಂದ್ರು."

"ಅದೂ ನಾನೇ. ಏನು ಬಂದೆ?"

ಮಾದೇವ ತಲೆ ಕೆರೆದುಕೊಂಡು, ಬಾಣಂತಿಗೆ ಗಾಳಿ ಸೋಕಿದೆ, ತಲೆನೋವು ಅಂತಾಳೆ, ಸುಮ್ಮಸುಮ್ಮನೆ ನಗುತ್ತಾಳೆ, ಮಗು ಕಣ್ಣು ಬಿಡುತ್ತಿಲ್ಲ ಎಂದ. ಮಾವ ಎಂದಿನಂತೆ ರೇಗಲು ಬಾಯಿ ತೆರೆದರು. ಆಮೇಲೆ ಮೆಲ್ಲಗೆ, "ಕೋಣೇಲಿ ಬೆರಣಿ ಇಟ್ಟಿದ್ದಾರಾ?" ಎಂದು ಕೇಳಿದರು.

"ಇಲ್ಲ ಬುಡಿ. ನೀವು ಒಗೆ ಬ್ಯಾಡ ಅಂದ್ರಲ್ಲ, ಇದ್ದಲು. ಕಿಟ್ಕಿ ಗಿಟ್ಕಿ ಎಲ್ಲ ಬಂದೋಬಸ್ತಾಗಿ ಮುಚ್ಚವ್ರೆ."

ಮಾವ ಪೆಟ್ಟಿಗೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರಂತೆ, ಚಪ್ಪಲಿಯನ್ನೂ ಮೆಟ್ಟದೆ. ಇದ್ದಲು ಬಸ್ಸು ಏರು ಬಂದರೆ ನಿಲ್ಲುತ್ತದೆ, ಇಳಿದು ತಳ್ಳಬೇಕು. ಮದ್ದೂರಿನಲ್ಲಿ ಡ್ರೈವರು ವಡೆ ತಿನ್ನಲು ಇಳಿದ. ಮಾವ ತಾವೇ ಹಿಂದೆ ಹೋಗಿ, ಕೆಂಡಕ್ಕೆ ಗಾಳಿಯೂದುವ ತಿರುಗಣೆ ಹಿಡಿದು ಬೆವರು ಸುರಿಸಿ ತಿರುಗಿಸಿದರು. "ದಾರಿ ಉದ್ದಕ್ಕೂ ಕಣಮ್ಮಿ, 'ನಾನೇ ಹೇಳಿದ್ದು, ನಾನೇ ಹೇಳಿದ್ದು' ಅಂತ ಒಬ್ರೇ ಅನ್ಕತಿದ್ರು," ಎಂದು ಮಾದೇವ ಆಮೇಲೆ ನನಗೆ ಹೇಳಿದ.

ಇತ್ತ ಬೀದಿಯ ಜನವೆಲ್ಲ ನಮ್ಮ ಜಗಲಿಯಲ್ಲಿ ಸೇರಿದ್ದರು. ಅಜ್ಜಿ ನಿಂಬೆಹಣ್ಣು, ಬೇವಿನ ಸೊಪ್ಪು ಇಟ್ಟುಕೊಂಡು ಕಾಯುತ್ತಿದ್ದಳು. ಬರಿಗಾಲಲ್ಲಿ ಬಂದ ಮಗನನ್ನು ಕಂಡು ಅವಳಿಗೆ ರೇಗಿತು.

"ನೀನ್ಯಾಕ್ಲಾ ಬಂದೆ? ಗಾಳಿ ನೋಡೋರೆಲ್ಲಿ?"

"ನಾನೇ ಕಣವ್ವ," ಎಂದವರೇ ಒಳಗೆ ನುಗ್ಗಿದರು.

ಕಂಬಳಿ ಕಿತ್ತು ಬಿತ್ತು. ಬೆಳಕಿನಲ್ಲಿ ಮಾವ, ಅವರ ಕೈಯಲ್ಲಿ ಪೆಟ್ಟಿಗೆ. ಇವರು ಬಂದರೆಂದರೆ ಊದಬೇಕು ಎಂಬುದೊಂದೇ ನನ್ನ ಮಂಕುಬುದ್ಧಿಗೆ ಹೊಳೆದದ್ದು. ವಿಧೇಯಳಾಗಿ ಬಾಯಿ ತೆರೆದೆ. ಅವರು ಪೆಟ್ಟಿಗೆಯನ್ನು ಇಳಿಸಲಿಲ್ಲ, ಕೈಬಿಟ್ಟರು. ಗಾಜೆಲ್ಲ ಚೂರಾಗಿ ಡಿಕಾಕ್ಷನ್ ಬಣ್ಣದ ನೀರು ನೆಲದ ತುಂಬ ಹರಿಯಿತು. ಅದನ್ನು ತುಳಿದುಕೊಂಡೇ ಬಂದು ಮಗುವನ್ನು ಒಂದು ಕೈಯಲ್ಲಿ, ನನ್ನನ್ನು ಇನ್ನೊಂದರಲ್ಲಿ ಎಳೆದುಕೊಂಡು ಹಿತ್ತಲಿಗೆ ಬಂದರು. ಅಂಗಾಲಿನಿಂದ ರಕ್ತ ಬರುತ್ತಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ.

ನನ್ನನ್ನು ಬಟ್ಟೆ ಒಗೆಯುವ ಕಲ್ಲಿಗೆ ಒರಗಿಸಿ, ತಾವು ಮಣ್ಣಿನಲ್ಲಿ ಕೂತರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬಗ್ಗಿ, ಉಸಿರು ತಾಕುತ್ತದೆಯೇ ಎಂದು ಅದರ ಮೂಗಿನ ಹತ್ತಿರ ತಮ್ಮ ಕೆನ್ನೆ ಹಿಡಿದರು. ಹಿಡಿದವರು ಅಲ್ಲಾಡಲಿಲ್ಲ. ನನ್ನ ತಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಾಗುತ್ತಿತ್ತು. ಆ ಬಾಗಿದ ಬೆನ್ನನ್ನು ನೋಡುತ್ತ ನನಗೆ ಅಳು ಉಕ್ಕಿ ಬಂತು. ಇಷ್ಟು ವರ್ಷ ನಾನು ನಕ್ಕ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಇತ್ತೆಂಬುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಅಜ್ಜಿ ಬೇವಿನ ಸೊಪ್ಪನ್ನು ಕೈಯಲ್ಲೇ ಹಿಡಿದು ಬಂದು ನಿಂತಳು. "ಯಾವ್ ಗಾಳಿಲಾ ಅದು?" ಎಂದು ಕೇಳಿದಳು. ಮಾವ ತಲೆ ಎತ್ತಲಿಲ್ಲ. ಅಜ್ಜಿ 'ನಿನಗೇನು ಗೊತ್ತು' ಎನ್ನಬಹುದಿತ್ತು, ಅವರು ಪಾಠ ಶುರುಮಾಡಬಹುದಿತ್ತು. ಆದರೆ ಅಜ್ಜಿ ಸೊಪ್ಪನ್ನು ಕೆಳಗೆ ಹಾಕಿ, ಗೋಡೆಗೆ ಒರಗಿಸಿದ್ದ ಮೊರ ತೆಗೆದುಕೊಂಡು, ಮಗನ ಪಕ್ಕದಲ್ಲಿ ಕೂತು, ಮರಿಮಗಳಿಗೆ ಮೆಲ್ಲಗೆ ಗಾಳಿ ಬೀಸತೊಡಗಿದಳು.

ಬಹಳ ಹೊತ್ತಾದ ಮೇಲೆ, "ಬತ್ತಾ ಅದಾ ಮಗ?" ಅಂದಳು.

"ಬತ್ತಾ ಅದೆ ಕಣವ್ವ. ಬೀಸು," ಅಂದರು ಮಾವ, ಕೆನ್ನೆಯನ್ನು ಅಲ್ಲಿಂದ ತೆಗೆಯದೆ.